‘ನೈಟ್ ವಾಚ್’ ಚಿತ್ರದಿಂದ ಈಗ ತೆಗೆಯುತ್ತಿರುವುದು ಏನು?

ಡಚ್ ಕಲಾವಿದ ರೆಂಬ್ರಾಂಟ್‌ನ ‘ನೈಟ್ ವಾಚ್’ ಎಂಬ ಒಂದೇ ಒಂದು ಚಿತ್ರದ ಬಗ್ಗೆ ಕೆಲವೇ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿ. 2021ರಲ್ಲಿ, ಮುನ್ನೂರು ವರ್ಷಗಳ ಹಿಂದೆ ಕತ್ತರಿಸಿ ಹೋಗಿದ್ದ ಅಂಚುಗಳನ್ನು ಕಂಪ್ಯೂಟರ್ ಮತ್ತೆ ಬರೆದುಕೊಟ್ಟಿತು ಎಂಬ ಸುದ್ದಿ. 2023ರಲ್ಲಿ, ಬಣ್ಣದೊಳಗೆ ಯಾರೂ ನಿರೀಕ್ಷಿಸದ ಸೀಸದ ಸಂಯುಕ್ತ ಸಿಕ್ಕಿತು ಅಂತ. 2024ರ ಬೇಸಿಗೆಯಲ್ಲಿ, ಹಳದಿ ಕೋಟಿನಲ್ಲಿ ಆರ್ಸೆನಿಕ್ ಇದೆ ಅಂತ. ಅದೇ ವರ್ಷ ನವೆಂಬರ್‌ನಲ್ಲಿ, ಜನರ ಕಣ್ಣೆದುರೇ ಚಿತ್ರದ ಮೇಲಿನ ಪದರ ತೆಗೆಯುವ ಕೆಲಸ ಶುರುವಾಯಿತು ಅಂತ. 2025ರ ಸೆಪ್ಟೆಂಬರ್‌ನಲ್ಲಿ, ಚಿತ್ರದಲ್ಲಿರುವ ನಾಯಿ ಬೇರೊಬ್ಬ ಕಲಾವಿದನ ಚಿತ್ರ ನೋಡಿ ಬರೆದದ್ದು ಅಂತ.

ಇಷ್ಟನ್ನೂ ಓದಿದವರಿಗೆ ತಲೆ ಕೆಡುವುದು ಸಹಜ, ಅಲ್ವಾ? ಚಿತ್ರ ಹಾಳಾಗುತ್ತಿದೆಯೋ, ಸರಿಯಾಗುತ್ತಿದೆಯೋ? ರೆಂಬ್ರಾಂಟ್ ಬರೆದದ್ದನ್ನೇ ಕೆರೆದು ತೆಗೆಯುತ್ತಿದ್ದಾರಾ? ಕೆಲಸ ಮುಗಿದ ಮೇಲೆ ಕಾಣುವುದು 1642ರ ಚಿತ್ರವೋ, ಹೊಸದೊಂದೋ?

ಗೊಂದಲಕ್ಕೆ ಮೂಲ ಒಂದೇ. ‘ಚಿತ್ರ’ ಅಂದಾಗ ನಾವು ಒಂದು ವಸ್ತುವನ್ನು ನೆನೆಯುತ್ತೇವೆ. ಆದರೆ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಗೋಡೆಯಲ್ಲಿರುವುದು ಒಂದರ ಮೇಲೊಂದು ಕೂತ ಹಲವು ಪದರಗಳ ರಾಶಿ. ಬಟ್ಟೆ, ಬಟ್ಟೆ ಹೀರಿಕೊಂಡ ಸೀಸ, ತಳದ ಲೇಪ, ಕರಡು ಗೆರೆ, ಬಣ್ಣ, ಯಾರೋ ಮಾಡಿದ ತೇಪೆ, ಇನ್ಯಾರೋ ಹಚ್ಚಿದ ವಾರ್ನಿಷ್. ಒಂದೊಂದು ಪದರಕ್ಕೂ ಒಂದೊಂದು ಕಾಲ, ಒಬ್ಬೊಬ್ಬ ಯಜಮಾನ. ಪ್ರತಿ ಸುದ್ದಿಯೂ ಬೇರೆ ಬೇರೆ ಪದರದ್ದು. ಯಾವ ಸುದ್ದಿ ಯಾವ ಪದರದ್ದು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಇದು ರಾತ್ರಿಯ ಚಿತ್ರವಲ್ಲ

ಮೊದಲು ಹೆಸರಿನಿಂದಲೇ ಶುರು ಮಾಡೋಣ. ‘ನೈಟ್ ವಾಚ್’, ಅಂದರೆ ರಾತ್ರಿ ಕಾವಲು, ಅನ್ನುವ ಹೆಸರನ್ನು ರೆಂಬ್ರಾಂಟ್ ಇಟ್ಟದ್ದಲ್ಲ. ಚಿತ್ರ ಮುಗಿದದ್ದು 1642ರಲ್ಲಿ. ಈ ಹೆಸರು ಬಳಕೆಗೆ ಬಂದದ್ದು 18ನೇ ಶತಮಾನದ ಕೊನೆಗೆ. ಅಷ್ಟು ಹೊತ್ತಿಗೆ ಮೇಲಿನ ವಾರ್ನಿಷ್ ಕಂದಿ, ಹೊಗೆ ಧೂಳು ಕೂತು, ಇಡೀ ದೃಶ್ಯ ಕತ್ತಲಾಗಿತ್ತು. ನೋಡಿದವರು ರಾತ್ರಿ ಅಂದುಕೊಂಡರು, ಹೆಸರು ಹಾಗೇ ನಿಂತಿತು.

ನಿಜವಾಗಿ ಇದು ನಗರ ರಕ್ಷಣಾ ಪಡೆಯೊಂದರ ಗುಂಪು ಚಿತ್ರ. ಕ್ಯಾಪ್ಟನ್ ಫ್ರಾನ್ಸ್ ಬಾನಿಂಕ್ ಕಾಕ್ ಮತ್ತು ಅವನ ಪಡೆಯವರು ತಮ್ಮ ಸಂಘದ ಕಟ್ಟಡವಾದ ಕ್ಲೊವೆನಿಯರ್ಸ್‌ಡೂಲೆನ್‌ನ ದೊಡ್ಡ ಹಾಲ್‌ಗಾಗಿ ಬರೆಸಿದ್ದು. ಒಬ್ಬೊಬ್ಬರು ಸುಮಾರು 100 ಗಿಲ್ಡರ್ (ಆಗಿನ ಡಚ್ ಹಣ) ಕೊಟ್ಟರು, ಒಟ್ಟು ಸುಮಾರು 1,600 ಗಿಲ್ಡರ್ ಆಯಿತು ಎಂಬುದಕ್ಕೆ ಆ ಕಾಲದ ಸಾಕ್ಷ್ಯ ಹೇಳಿಕೆಗಳಿವೆ. ಆ ಕಾಲದಲ್ಲಿ ಇಂಥ ಚಿತ್ರಗಳಲ್ಲಿ ಎಲ್ಲರೂ ಸಾಲಾಗಿ ನಿಂತು ಮುಖ ತೋರಿಸುತ್ತಿದ್ದರು. ರೆಂಬ್ರಾಂಟ್ ಹಾಗೆ ಮಾಡಲಿಲ್ಲ. ಪಡೆ ಹೊರಡುವ ಗಳಿಗೆಯನ್ನೇ ಹಿಡಿದ. ಒಬ್ಬ ಬಂದೂಕಿಗೆ ಮದ್ದು ತುಂಬುತ್ತಿದ್ದಾನೆ, ಇನ್ನೊಬ್ಬನ ಬಂದೂಕು ಹಾರುತ್ತಿದೆ, ಮತ್ತೊಬ್ಬ ಉಳಿದ ಮದ್ದನ್ನು ಊದಿ ತೆಗೆಯುತ್ತಿದ್ದಾನೆ. ನಡುವೆ ಹೊನ್ನಿನ ಬಣ್ಣದ ಉಡುಗೆಯ ಪುಟ್ಟ ಹುಡುಗಿ. ಅವಳ ಸೊಂಟದಲ್ಲಿ ನೇತಾಡುವ ಕೋಳಿಯ ಕಾಲುಗುರುಗಳು ಪಡೆಯ ಲಾಂಛನವನ್ನು ನೆನಪಿಸುತ್ತವೆ.

ಇದು ಹಗಲು ಅನ್ನುವುದಕ್ಕೆ ಸಾಕ್ಷಿ ಚಿತ್ರದ ಮಧ್ಯದಲ್ಲೇ ಇದೆ. ಕ್ಯಾಪ್ಟನ್ ಎಡಗೈ ಮುಂದೆ ಚಾಚಿ ಆಜ್ಞೆ ಕೊಡುತ್ತಿದ್ದಾನೆ. ಆ ಕೈಯ ನೆರಳು ಪಕ್ಕದ ಲೆಫ್ಟಿನೆಂಟ್ ವಿಲೆಮ್ ವಾನ್ ರಾಯ್ಟನ್‌ಬರ್ಖ್‌ನ ಹಳದಿ ಕೋಟಿನ ಮೇಲೆ ಬಿದ್ದಿದೆ. ಕೋಟಿನ ಅಂಚಿನ ಕಸೂತಿಯಲ್ಲಿ ನಗರದ ಲಾಂಛನ ಹಿಡಿದ ಪುಟ್ಟ ಸಿಂಹವೊಂದಿದೆ. ನೆರಳಿನ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಸರಿಯಾಗಿ ಅದೇ ಸಿಂಹ ಬರುತ್ತದೆ. ನಗರವನ್ನು ಈ ಕೈ ಕಾಯುತ್ತಿದೆ ಅನ್ನುವ ಹಾಗೆ. ಎಡಗಡೆ ಮೇಲಿನಿಂದ ಗಟ್ಟಿ ಬೆಳಕು ಬೀಳದೆ ಅಷ್ಟು ಚೂಪಾದ ನೆರಳು ಬರಲು ಸಾಧ್ಯವೇ ಇಲ್ಲ.

ಹಾಗಂತ ಮೂಲ ಚಿತ್ರ ಫಳಫಳ ಹೊಳೆಯುತ್ತಿತ್ತು ಅಂತಲೂ ಹೇಳುವ ಹಾಗಿಲ್ಲ. ರೆಂಬ್ರಾಂಟ್‌ನ ಶಿಷ್ಯನಾಗಿದ್ದ ಸ್ಯಾಮ್ಯುಯೆಲ್ ವಾನ್ ಹೂಗ್‌ಸ್ಟ್ರಾಟೆನ್ 1678ರಲ್ಲೇ ಈ ಚಿತ್ರದ ಬಗ್ಗೆ ಬರೆದ. ಇದರ ಪಕ್ಕದಲ್ಲಿ ಉಳಿದ ಚಿತ್ರಗಳು ಇಸ್ಪೀಟು ಎಲೆಗಳ ಹಾಗೆ ಕಾಣುತ್ತವೆ ಅಂತ ಕೆಲವರು ಅನ್ನುತ್ತಾರೆ ಎಂದು ಹೊಗಳಿದ. ಜೊತೆಗೇ, ಗುರು ಇನ್ನೂ ಸ್ವಲ್ಪ ಬೆಳಕು ಹಚ್ಚಿದ್ದರೆ ಚೆನ್ನಾಗಿತ್ತು ಅಂತ ಕೊರಗಿದ. ಚಿತ್ರಕ್ಕೆ ನಲವತ್ತು ವರ್ಷವೂ ಆಗಿರಲಿಲ್ಲ. ಅಂದರೆ ಇಲ್ಲಿನ ಕತ್ತಲೆಯಲ್ಲಿ ಒಂದು ಪಾಲು ರೆಂಬ್ರಾಂಟ್‌ನದೇ, ಇನ್ನೊಂದು ಪಾಲು ಕಾಲದ್ದು. ಈ ಎರಡನ್ನು ಎಲ್ಲಿ ಬೇರ್ಪಡಿಸುವುದು ಎಂಬುದೇ ಇವತ್ತಿನ ಕೆಲಸದ ಕಷ್ಟ.

ವಾರ್ನಿಷ್ ಇರುವುದೇ ತೆಗೆಯುವುದಕ್ಕೆ

ಎಣ್ಣೆ ಬಣ್ಣದ ಚಿತ್ರ ಒಣಗಿದ ಮೇಲೆ ಅದರ ಮೇಲೆ ರಾಳ ಕರಗಿಸಿದ ತೆಳು ದ್ರವ ಹಚ್ಚುತ್ತಾರೆ. ಅದೇ ವಾರ್ನಿಷ್. ಅದು ಎರಡು ಕೆಲಸ ಮಾಡುತ್ತದೆ. ಒದ್ದೆ ಮಾಡಿದ ಕಲ್ಲಿನ ಬಣ್ಣ ಎದ್ದು ಕಾಣುವ ಹಾಗೆ, ಬಣ್ಣಗಳಿಗೆ ಆಳ ಕೊಡುತ್ತದೆ. ಧೂಳು, ಗೀರು, ಕೈ ತಾಗುವುದರಿಂದ ಕಾಪಾಡುತ್ತದೆ. ಆದರೆ ಗಾಳಿ ಬೆಳಕಿಗೆ ಅದು ನಿಧಾನಕ್ಕೆ ಹಳದಿಯಾಗುತ್ತದೆ, ಮಂಕಾಗುತ್ತದೆ. ಹಳದಿ ಗಾಜಿನ ಹಿಂದೆ ನೀಲಿ ಹಸಿರಾಗಿ ಕಾಣುತ್ತದೆ, ಬಿಳಿ ಕೆನೆಯಾಗುತ್ತದೆ. ಕಪ್ಪಿನೊಳಗಿನ ಸೂಕ್ಷ್ಮ ವ್ಯತ್ಯಾಸ ಪೂರ್ತಿ ಮುಚ್ಚಿಹೋಗುತ್ತದೆ. ಕತ್ತಲೆಯಲ್ಲೇ ಕಥೆ ಹೇಳುವ ರೆಂಬ್ರಾಂಟ್‌ನಂಥವನಿಗೆ ಇದು ದೊಡ್ಡ ನಷ್ಟ.

ಈ ಚಿತ್ರದ ಮಟ್ಟಿಗೆ ವಾರ್ನಿಷ್ ಪ್ರಾಣವನ್ನೂ ಉಳಿಸಿದೆ. 1911ರಲ್ಲಿ ಒಬ್ಬ ಚಾಕು ಹಾಕಲು ಬಂದಾಗ, ಆ ದಪ್ಪ ಪದರ ದಾಟಿ ಅಲಗು ಒಳಗೆ ಇಳಿಯಲಿಲ್ಲ. 1990ರಲ್ಲಿ ಇನ್ನೊಬ್ಬ ಆಸಿಡ್ ಎರಚಿದ. ಕಾವಲಿನವರು ತಕ್ಷಣ ನೀರು ಹಾಕಿದರು, ಸುಟ್ಟದ್ದು ವಾರ್ನಿಷ್ ಮಾತ್ರ. ಬಣ್ಣದ ಬದಲಿಗೆ ತಾನು ಪೆಟ್ಟು ತಿನ್ನುವುದು, ಹಾಳಾದಾಗ ಜಾಗ ಖಾಲಿ ಮಾಡುವುದು, ಇದಕ್ಕಾಗಿಯೇ ಆ ಪದರ ಇರುವುದು.

ಈಗ ಸುದ್ದಿಯ ಮುಖ್ಯ ವಿಷಯಕ್ಕೆ ಬರೋಣ. 2024ರ ನವೆಂಬರ್‌ನಿಂದ ತೆಗೆಯುತ್ತಿರುವ ವಾರ್ನಿಷ್ ರೆಂಬ್ರಾಂಟ್ ಹಚ್ಚಿದ್ದಲ್ಲ. ಅದನ್ನು ಹಚ್ಚಿದ್ದು 1975-76ರ ದುರಸ್ತಿಯಲ್ಲಿ ಮತ್ತು 1981ರಲ್ಲಿ. ಅದಕ್ಕೂ ಹಿಂದಿನ ದಟ್ಟ ಕಂದು ಪದರ ಎರಡನೇ ಮಹಾಯುದ್ಧ ಮುಗಿದ ಮೇಲೆ, 1946-47ರ ಶುಚಿಕಾರ್ಯದಲ್ಲೇ ಹೋಗಿತ್ತು. ‘ರಾತ್ರಿ’ ಹಗಲಾದದ್ದು ಆಗಲೇ. ಹಾಗಾಗಿ ಇವತ್ತು ಹೋಗುತ್ತಿರುವುದು ಸುಮಾರು ಅರ್ಧ ಶತಮಾನದಷ್ಟೇ ಹಳೆಯದಾದ, ನಮ್ಮ ಕಾಲದವರೇ ಹಚ್ಚಿದ ಪದರ.

ತೆಗೆಯುವ ರೀತಿಯೂ ಕೆರೆಯುವುದಲ್ಲ. ದ್ರಾವಕವನ್ನು ಸ್ವಲ್ಪವೇ ಹೀರಿಕೊಂಡ ಒಂದು ಚಿಕ್ಕ ತೆಳು ಹಾಳೆಯನ್ನು ಮೇಲ್ಮೈಗೆ ಇಡುತ್ತಾರೆ. ವಾರ್ನಿಷ್ ಮೆತ್ತಗಾಗಿ ಹಾಳೆಗೆ ಬರುತ್ತದೆ, ಹಾಳೆ ಎತ್ತುತ್ತಾರೆ. ಉಳಿದದ್ದನ್ನು ಕಡ್ಡಿಗೆ ಸುತ್ತಿದ ಹತ್ತಿಯಿಂದ ಒರೆಸುತ್ತಾರೆ. ಮತ್ತೆ ಮುಂದಿನ ತುಣುಕು. ಚಿತ್ರ ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ ಇದೆ. ಎಷ್ಟು ತಾಳ್ಮೆ ಬೇಕು ಅನ್ನುವುದನ್ನು ಊಹಿಸಿಕೊಳ್ಳಿ.

ಚಿತ್ರ ತಿಂದ ಪೆಟ್ಟುಗಳು

ಇಷ್ಟೊಂದು ಎಚ್ಚರ ಯಾಕೆ ಅಂದರೆ, ಈ ಚಿತ್ರ ಈಗಾಗಲೇ ಬಹಳ ಅನುಭವಿಸಿದೆ.

1715ರಲ್ಲಿ ಅದನ್ನು ನಗರಸಭೆಯ ಕಟ್ಟಡಕ್ಕೆ ಒಯ್ದರು. ಅಲ್ಲಿ ಎರಡು ಬಾಗಿಲುಗಳ ನಡುವಿನ ಜಾಗಕ್ಕೆ ಅದು ಹಿಡಿಸಲಿಲ್ಲ. ಹಿಡಿಸಲಿಲ್ಲ ಅಂತ ಚಿತ್ರವನ್ನೇ ಕತ್ತರಿಸಿದರು! ಎಡಗಡೆ ಸುಮಾರು 60 ಸೆಂಟಿಮೀಟರ್, ಮೇಲೆ 22, ಕೆಳಗೆ 12, ಬಲಗಡೆ 7. ಆ ತುಂಡುಗಳು ಇವತ್ತಿನವರೆಗೂ ಸಿಕ್ಕಿಲ್ಲ. ಎಡಗಡೆಯ ತುಂಡಿನ ಜೊತೆ ಕೆಲವು ಜನರೇ ಚಿತ್ರದಿಂದ ಹೋದರು. ಕ್ಯಾಪ್ಟನ್ ಮತ್ತು ಲೆಫ್ಟಿನೆಂಟ್ ಮೊದಲು ಮಧ್ಯಕ್ಕಿಂತ ಬಲಕ್ಕೆ ಇದ್ದರು, ಪಡೆ ಎಡಕ್ಕೆ ಹೆಜ್ಜೆ ಹಾಕಲು ಅವರ ಮುಂದೆ ಖಾಲಿ ಜಾಗ ಇತ್ತು. ಕತ್ತರಿಸಿದ ಮೇಲೆ ಇಬ್ಬರೂ ನಟ್ಟ ನಡುವೆ ಬಂದು ನಿಂತರು, ನಡಿಗೆಯ ವೇಗ ಕಮ್ಮಿಯಾಯಿತು.

1851ರಲ್ಲಿ ಹಳೆಯ ಬಟ್ಟೆಗೆ ಬಲ ಕೊಡಲು ಹಿಂಬದಿಗೆ ಇನ್ನೊಂದು ಬಟ್ಟೆಯನ್ನು ಬಿಸಿ ಮೇಣ ಮತ್ತು ರಾಳದಿಂದ ಅಂಟಿಸಿದರು. ಆಗ ಅದು ಹೊಸ ವಿಧಾನ. ಆಮೇಲೂ ಇದೇ ಥರ ಅಂಟಿಸಿದ್ದಾರೆ. ಬಿಸಿ ಮೇಣ ಹಿಂಬದಿಯಲ್ಲಷ್ಟೇ ನಿಲ್ಲುವುದಿಲ್ಲ, ಬಟ್ಟೆ ದಾಟಿ ತಳದ ಲೇಪದೊಳಕ್ಕೂ ಇಳಿಯುತ್ತದೆ. ಇಳಿದದ್ದನ್ನು ಪೂರ್ತಿ ವಾಪಸ್ ತೆಗೆಯುವುದು ಆಗದ ಮಾತು. ಒಳ್ಳೆಯ ಉದ್ದೇಶದಿಂದಲೇ ಮಾಡಿದ ಕೆಲಸ. ಆದರೂ ಅದರ ಗುರುತು ಉಳಿಯಿತು.

ಯುದ್ಧಕಾಲದಲ್ಲಿ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ದೊಡ್ಡ ಕೊಳವೆಗೆ ಸುತ್ತಿ, ಮಾಸ್ಟ್ರಿಕ್ಟ್ ಬಳಿಯ ಗುಹೆಗಳಲ್ಲಿ ಅಡಗಿಸಿಟ್ಟಿದ್ದರು. 1945ರಲ್ಲಿ ವಾಪಸ್ ಬಂತು.

ಎಲ್ಲಕ್ಕಿಂತ ದೊಡ್ಡ ಗಾಯ 1975ರ ಸೆಪ್ಟೆಂಬರ್ 14ರದು. ಮಾನಸಿಕ ಅಸ್ವಸ್ಥನಾಗಿದ್ದ ಒಬ್ಬ ವ್ಯಕ್ತಿ ಬ್ರೆಡ್ ಕತ್ತರಿಸುವ ಚಾಕುವಿನಿಂದ ಕ್ಯಾಪ್ಟನ್ ಮತ್ತು ಲೆಫ್ಟಿನೆಂಟ್ ಮೇಲೆ ಅಡ್ಡಾದಿಡ್ಡಿ ಸೀಳಿದ. ಆ ಸಲ ಬಟ್ಟೆಯೇ ಹರಿಯಿತು. ಈಗ ತೆಗೆಯುತ್ತಿರುವ ವಾರ್ನಿಷ್ ಬಂದದ್ದು ಆ ದುರಸ್ತಿಯ ಜೊತೆಗೇ.

2003ರಿಂದ 2013ರವರೆಗೆ ಮ್ಯೂಸಿಯಂ ಕಟ್ಟಡದ ನವೀಕರಣ ನಡೆದಾಗ ಚಿತ್ರ ಇನ್ನೊಂದು ವಿಭಾಗದಲ್ಲಿತ್ತು. ಆ ಅವಧಿಯಲ್ಲಿ ಕ್ಯಾನ್ವಾಸ್‌ನ ಎಡ ಮೇಲ್ತುದಿ ಅಲೆ ಅಲೆಯಾಗಿ ಉಬ್ಬಿತು. ಬಲ ಕೆಳಗಿನ ನಾಯಿಯ ಮೇಲೆ ಬೂದು ಬಿಳಿ ಮಸುಕು ಬೇರೆ ಕಾಣತೊಡಗಿತ್ತು. ‘ಸುಮ್ನೆ ಇದ್ದದ್ದನ್ನು ಯಾಕೆ ಕೆದಕಬೇಕು’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಚಿತ್ರ ಸುಮ್ನೆ ಇರಲಿಲ್ಲ, ನಿಧಾನಕ್ಕೆ ಬದಲಾಗುತ್ತಲೇ ಇತ್ತು.

ಗಾಜಿನ ಕೋಣೆಯೊಳಗೆ

2019ರ ಜುಲೈಯಲ್ಲಿ ಚಿತ್ರವನ್ನು ಪರೀಕ್ಷಿಸಿ ದುರಸ್ತಿ ಮಾಡುವ ‘ಆಪರೇಷನ್ ನೈಟ್ ವಾಚ್’ ಎಂಬ ಯೋಜನೆ ಶುರುವಾಯಿತು. ಚಿತ್ರವನ್ನು ಬಾಗಿಲು ಮುಚ್ಚಿದ ಲ್ಯಾಬ್‌ಗೆ ಒಯ್ಯಲಿಲ್ಲ. ಗ್ಯಾಲರಿಯಲ್ಲೇ ಅದರ ಸುತ್ತ ಗಾಜಿನ ಕೋಣೆ ಕಟ್ಟಿದರು. ಯಾರು ಬೇಕಾದರೂ ನಿಂತು ನೋಡಬಹುದು. ಇದು ಬಹಳ ಒಳ್ಳೆಯ ತೀರ್ಮಾನ. ಜನರ ಆಸ್ತಿಯ ಮೇಲೆ ಮಾಡುವ ಕೆಲಸ ಜನರ ಕಣ್ಣೆದುರೇ ನಡೆದರೆ ಅನುಮಾನಕ್ಕೆ ಎಡೆ ಕಡಿಮೆ.

ಮೊದಲ ಐದು ವರ್ಷ ಹೆಚ್ಚಿನ ಸಮಯ ಹೋದದ್ದು ಮುಟ್ಟದೆ ನೋಡುವುದರಲ್ಲೇ. ಎಕ್ಸ್-ರೇ ಕಿರಣ ತಾಗಿದಾಗ ಪ್ರತಿ ಮೂಲವಸ್ತುವೂ ತನ್ನದೇ ಆದ ಶಕ್ತಿಯ ಕಿರಣವನ್ನು ಹೊರಬಿಡುತ್ತದೆ. ಅದನ್ನು ಅಳೆದರೆ ಸೀಸ ಎಲ್ಲಿದೆ, ಕ್ಯಾಲ್ಸಿಯಂ ಎಲ್ಲಿದೆ, ಆರ್ಸೆನಿಕ್ ಎಲ್ಲಿದೆ ಅಂತ ಒಂದೊಂದಕ್ಕೂ ಪ್ರತ್ಯೇಕ ನಕ್ಷೆ ಸಿಗುತ್ತದೆ. ಇಡೀ ಚಿತ್ರಕ್ಕೆ ಇಂಥ 56 ಸ್ಕ್ಯಾನ್ ಬೇಕಾದವು, ಒಂದೊಂದಕ್ಕೂ 24 ಗಂಟೆ. 2022ರ ಜನವರಿಯಲ್ಲಿ 717 ಗಿಗಾಪಿಕ್ಸೆಲ್‌ನ ಫೋಟೋ ಹೊರಬಂತು. 8,439 ಬಿಡಿ ಫೋಟೋಗಳನ್ನು ಹೊಲಿದು ಮಾಡಿದ್ದು. ಅದರಲ್ಲಿ ಒಂದೊಂದು ಪಿಕ್ಸೆಲ್‌ಗೂ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಪಾಲು.

ಈ ನಕ್ಷೆಗಳು ಕೊಟ್ಟ ದೊಡ್ಡ ಉಡುಗೊರೆ ಎಂದರೆ ಕರಡು. ಕ್ಯಾಲ್ಸಿಯಂ ನಕ್ಷೆಯಲ್ಲಿ, ಬಣ್ಣದ ಅಡಿಯಲ್ಲಿ ಸೀಮೆಸುಣ್ಣ ಬೆರೆತ ತಿಳಿ ಕಂದು ಬಣ್ಣದಿಂದ ಎಳೆದ ಗೆರೆಗಳು ಕಂಡವು. ರೆಂಬ್ರಾಂಟ್ ನೇರವಾಗಿ ಕ್ಯಾನ್ವಾಸ್ ಮೇಲೆ ಕರಡು ಎಳೆದು, ಬರೆಯುತ್ತಾ ಬರೆಯುತ್ತಾ ಮನಸ್ಸು ಬದಲಿಸಿದ್ದಾನೆ. ಒಬ್ಬನ ಶಿರಸ್ತ್ರಾಣಕ್ಕೆ ಮೊದಲು ಗರಿಗಳಿದ್ದವು, ಆಮೇಲೆ ಮುಚ್ಚಿದ. ಕ್ಯಾಪ್ಟನ್ ಮತ್ತು ಲೆಫ್ಟಿನೆಂಟ್ ನಡುವೆ ಒಂದು ಕತ್ತಿ ಇತ್ತು, ತೆಗೆದ. ಸಾರ್ಜೆಂಟ್‌ನ ಕಾಲಿನ ಭಂಗಿ ಬದಲಿಸಿದ. ಈಟಿಗಳು ಇನ್ನೂ ಜಾಸ್ತಿ ಇದ್ದವು, ಕಡಿಮೆ ಮಾಡಿದ. ಇಂಥ ಮಹಾ ಕಲಾವಿದನೂ ತಡವರಿಸಿ, ಅಳಿಸಿ, ಮತ್ತೆ ಬರೆದದ್ದನ್ನು ನೋಡುವಾಗ ಚಿತ್ರ ಇನ್ನೂ ಹತ್ತಿರವಾಗುತ್ತದೆ.

ಇನ್ನು ಆರ್ಸೆನಿಕ್. ಹೆದರುವ ಸಂಗತಿ ಏನೂ ಅಲ್ಲ. ಅರಿದಾಳ, ಮಣಿಶಿಲೆ ಎಂಬ ಹಳದಿ ಮತ್ತು ಕೆಂಪು ಖನಿಜಗಳನ್ನು ಬಣ್ಣಗಾರರು ಬಹಳ ಹಿಂದಿನಿಂದ ಬಲ್ಲರು. ಎರಡೂ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತಗಳೇ. ಲೆಫ್ಟಿನೆಂಟ್‌ನ ಕೋಟಿನ ಕಸೂತಿಯಲ್ಲಿ ಮತ್ತು ತೋಳಿನಲ್ಲಿ ಸಿಕ್ಕಿದ್ದು ಇದೇ ಬಳಗದ ಪ್ಯಾರಾರಿಯಲ್ಗಾರ್. ಮಣಿಶಿಲೆ ಬೆಳಕಿಗೆ ಒಡ್ಡಿಕೊಂಡು ಹಾಳಾದಾಗಲೂ ಇದೇ ಉಂಟಾಗುತ್ತದೆ. ಹಾಗಾಗಿ ಮೊದಲಿಗೆ ಬರುವ ಅನುಮಾನ, ಇದು ಕೆಡುವಿಕೆಯ ಗುರುತು ಅಂತ. ಆದರೆ ಹಳದಿ ಕಣಗಳ ಜೊತೆ ಕಿತ್ತಳೆ ಕೆಂಪಿನ ಇನ್ನೊಂದು ರೂಪವೂ ಇತ್ತು. ಎರಡನ್ನೂ ಸೀಸ-ತವರದ ಹಳದಿ ಮತ್ತು ಇಂಗಳೀಕದ ಕೆಂಪಿಗೆ ಬೆರೆಸಿದ್ದರು. ಆದ್ದರಿಂದ ಚಿನ್ನದ ದಾರದ ಹೊಳಪು ಬರಲೆಂದು ರೆಂಬ್ರಾಂಟ್ ಬೇಕೆಂದೇ ಈ ಮಿಶ್ರಣ ಮಾಡಿದ ಎಂಬುದು ಸಂಶೋಧಕರ ತೀರ್ಮಾನ. ಇದರ ಪರಿಣಾಮ ನೇರ. ಅಲ್ಲಿನ ಹಳದಿಯನ್ನು ಬಣ್ಣಗೆಟ್ಟದ್ದು ಅಂತ ಯಾರೂ ‘ಸರಿಪಡಿಸಲು’ ಹೋಗಬಾರದು, ಅದು ಅವನದೇ ಆಯ್ಕೆ.

ಸೀಸದ ಕಥೆ ಇನ್ನೂ ಜಟಿಲ. 2023ರ ಕೊನೆಯಲ್ಲಿ ಗೊತ್ತಾದ ಪ್ರಕಾರ, ತಳದ ಲೇಪ ಹಚ್ಚುವ ಮೊದಲು ಬಟ್ಟೆಗೆ ಸೀಸ ತುಂಬಿದ ಎಣ್ಣೆ ಕುಡಿಸಿದ್ದರು. ಚಿತ್ರ ತೂಗಬೇಕಿದ್ದುದು ಹಾಲ್‌ನೊಳಗೆ, ಕಟ್ಟಡದ ಹೊರಗೋಡೆಗೆ. ಅಲ್ಲಿ ತೇವ ಹೆಚ್ಚು. ಅದನ್ನು ತಡೆಯಲು ಮಾಡಿದ ಉಪಾಯ ಇರಬೇಕು. ಆದರೆ ಅದೇ ವರ್ಷದ ಆರಂಭದಲ್ಲಿ ಸುದ್ದಿಯಾದ, ಸೀಸದ ಫಾರ್ಮೇಟ್ ಎಂಬ ಸಂಯುಕ್ತ ಬೇರೆ. ಅಗಸೆ ಎಣ್ಣೆ ಬೇಗ ಒಣಗಲಿ ಅಂತ ಸೀಸದ ಆಕ್ಸೈಡ್ ಹಾಕಿ ಕಾಯಿಸುವ ಪದ್ಧತಿ ಇತ್ತು. ಆ ಎಣ್ಣೆ ಕಾಲಾಂತರದಲ್ಲಿ ಒಳಗೊಳಗೇ ಬದಲಾಗಿ ಈ ಹರಳುಗಳು ಹುಟ್ಟಿರಬಹುದು. ಇಲ್ಲವೇ ಮುಂದಿನ ಶತಮಾನಗಳಲ್ಲಿ ದುರಸ್ತಿ ಮಾಡಿದವರು ಹಚ್ಚಿದ ಎಣ್ಣೆಯಿಂದಲೂ ಬಂದಿರಬಹುದು. ಇಲ್ಲಿ ನೋಡಿ, ಯಂತ್ರ ‘ಏನಿದೆ’ ಅಂತ ಹೇಳುತ್ತದೆ. ‘ಯಾರದು’ ಅಂತ ತಾನಾಗಿ ಹೇಳುವುದಿಲ್ಲ. ಅದಕ್ಕೆ ಇತಿಹಾಸದ ಕಾಗದಗಳೂ ಬೇಕು, ಕಲಾವಿದನ ಕೈ ಬಲ್ಲವರ ಕಣ್ಣೂ ಬೇಕು.

ತೆಗೆಯಬೇಕೋ, ಬಿಡಬೇಕೋ

ಹಳೆಯ ಚಿತ್ರಗಳನ್ನು ಎಷ್ಟು ಶುಚಿ ಮಾಡಬೇಕು ಅನ್ನುವ ಜಗಳ ಹೊಸದಲ್ಲ. 1947ರಲ್ಲಿ ಲಂಡನ್‌ನ ನ್ಯಾಷನಲ್ ಗ್ಯಾಲರಿ ತಾನು ಶುಚಿ ಮಾಡಿದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಾಗ ದೊಡ್ಡ ವಾದವೇ ಎದ್ದಿತು. 2011-12ರಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಲಿಯೊನಾರ್ಡೊನ ಸಂತ ಆನ್ ಚಿತ್ರವನ್ನು ಶುಚಿ ಮಾಡುವಾಗ, ಅತಿಯಾಯಿತು ಎಂಬ ಆಕ್ಷೇಪದ ನಡುವೆ ಸಲಹಾ ಸಮಿತಿಯ ಇಬ್ಬರು ತಜ್ಞರು ಹೊರನಡೆದರು.

ಒಂದು ಪಕ್ಷದವರು ಹೇಳುವುದು, ಬಣ್ಣದ ಮೇಲಿನ ಪದರ ಪೂರ್ತಿ ಹೋಗಲಿ ಅಂತ. ಕಲಾವಿದ ಹಚ್ಚದೇ ಇದ್ದದ್ದನ್ನು ಯಾಕೆ ಉಳಿಸಬೇಕು? ವಾರ್ನಿಷ್ ಅರೆಬರೆ ಬಿಟ್ಟರೆ ಎಲ್ಲಿ ಎಷ್ಟು ಬಿಡಬೇಕು ಅನ್ನುವುದು ಶುಚಿ ಮಾಡುವವರ ರುಚಿಗೆ ಬಿಟ್ಟ ಹಾಗಾಗುತ್ತದೆ. ಆಗ ನಾವು ನೋಡುವುದು ಅವರ ರುಚಿಯನ್ನೇ ಹೊರತು ಕಲಾವಿದನನ್ನಲ್ಲ.

ಇನ್ನೊಂದು ಪಕ್ಷ ಇದಕ್ಕೆ ಒಪ್ಪುವುದಿಲ್ಲ. ಕಲಾಕೃತಿಗಳ ದುರಸ್ತಿಯ ಬಗ್ಗೆ ಚಿಂತಿಸಿದ ಇಟಲಿಯ ಚೆಸಾರೆ ಬ್ರಾಂಡಿಯಂಥವರು, ಕಾಲ ಬಿಟ್ಟುಹೋದ ಮಬ್ಬಿಗೂ ಬೆಲೆ ಇದೆ ಅಂತ ವಾದಿಸಿದರು. ಅಡಿಯ ಬಣ್ಣಗಳು ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ನೀಲಿ ಬೂದಿಯಾಗಿರುತ್ತದೆ, ಬಿಳಿ ಮಾತ್ರ ಹಾಗೇ ಉಳಿದಿರುತ್ತದೆ. ಮೇಲಿನ ಹಳದಿ ಪರದೆ ಇವನ್ನೆಲ್ಲ ಹೇಗೋ ಹೊಂದಿಸಿ ನಿಲ್ಲಿಸಿರುತ್ತದೆ. ಅದನ್ನು ಸರ್ರನೆ ಎಳೆದರೆ ಆ ಹೊಂದಾಣಿಕೆ ಮುರಿಯುತ್ತದೆ. ದ್ರಾವಕ ಬಣ್ಣದೊಳಕ್ಕೂ ಇಳಿದು ಅದನ್ನು ಮೆತ್ತಗೆ ಮಾಡಿದರೆ ಆ ನಷ್ಟ ತುಂಬಿಕೊಡಲು ಯಾರಿಂದಲೂ ಆಗದು.

ಎರಡನೆಯ ವಾದದ ಎಚ್ಚರಿಕೆ ನಿಜ. ಈ ಚಿತ್ರದಲ್ಲೇ ಉದಾಹರಣೆ ಇದೆ. ರೆಂಬ್ರಾಂಟ್ ಇಲ್ಲಿ ಬಳಸಿದ ಸ್ಮಾಲ್ಟ್ ಕೋಬಾಲ್ಟ್ ಬೆರೆತ ನೀಲಿ ಗಾಜಿನ ಪುಡಿ. ಎಣ್ಣೆಯಲ್ಲಿ ಅದು ಕಾಲ ಕಳೆದಂತೆ ಬಣ್ಣ ಬಿಟ್ಟು ಬೂದು ಕಂದಾಗುತ್ತದೆ. ಯಾವ ಹತ್ತಿಯಿಂದ ಒರೆಸಿದರೂ ಹೋದ ನೀಲಿ ವಾಪಸ್ ಬರುವುದಿಲ್ಲ. ಆದರೆ ‘ಹಾಗಾದರೆ ವಾರ್ನಿಷ್ ಇರಲಿ ಬಿಡಿ’ ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಮುನ್ನೂರು ವರ್ಷ ಕೂತ ಮಬ್ಬನ್ನು ಕಾಲದ ಕೊಡುಗೆ ಅನ್ನಬಹುದು. 1981ರ ಡಬ್ಬಿಯಿಂದ ಬಂದ ವಾರ್ನಿಷ್‌ಗೆ ಆ ಗೌರವ ಕೊಡುವುದು ಕಷ್ಟ. ಅಡಿಯ ಬಣ್ಣದ ಗುಣವನ್ನು ಐದು ವರ್ಷ ಅಳೆದ ಮೇಲೆ ಕೈ ಹಾಕಿದ್ದರಿಂದ ದ್ರಾವಕದ ಅಪಾಯವೂ 1946ರಲ್ಲಿ ಇದ್ದುದಕ್ಕಿಂತ ಬಹಳ ಕಡಿಮೆ.

ಕಂಪ್ಯೂಟರ್ ಬರೆದ ಅಂಚು

2021ರ ಅಂಚುಗಳ ಕಥೆ ಇದಕ್ಕಿಂತ ಭಿನ್ನ. ಅಲ್ಲಿ ತೆಗೆಯುವುದಲ್ಲ, ಸೇರಿಸುವುದು.

ಕಳೆದುಹೋದ ಭಾಗ ಹೇಗಿತ್ತು ಅಂತ ನಮಗೆ ಗೊತ್ತಿರುವುದಕ್ಕೆ ಕಾರಣ ಗೆರಿಟ್ ಲುಂಡೆನ್ಸ್ ಎಂಬ ಕಲಾವಿದ. ಕತ್ತರಿಸುವ ಮೊದಲೇ ಅವನು ಇಡೀ ಚಿತ್ರದ ಸಣ್ಣ ಪ್ರತಿ ಬರೆದಿದ್ದ. ಅದು ಲಂಡನ್‌ನ ನ್ಯಾಷನಲ್ ಗ್ಯಾಲರಿಯ ಆಸ್ತಿ. ಅಗಲ 85 ಸೆಂಟಿಮೀಟರ್ ಚಿಲ್ಲರೆ, ಅಂದರೆ ಮೂಲಕ್ಕಿಂತ ತೀರಾ ಚಿಕ್ಕದು. ಮೇಲಾಗಿ ಲುಂಡೆನ್ಸ್‌ನ ಕೈ ರೆಂಬ್ರಾಂಟ್‌ನ ಕೈಯಲ್ಲ.

ರೈಕ್ಸ್‌ಮ್ಯೂಸಿಯಂನ ವಿಜ್ಞಾನಿ ರಾಬರ್ಟ್ ಅರ್ಡ್‌ಮನ್ ಅವರ ತಂಡ ಉದಾಹರಣೆ ನೋಡಿ ಕಲಿಯಬಲ್ಲ ಮೂರು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಮಾಡಿತು. ಮೊದಲನೆಯದು ಎರಡೂ ಚಿತ್ರಗಳಲ್ಲಿ ಒಂದಕ್ಕೊಂದು ಹೊಂದುವ ಬಿಂದುಗಳನ್ನು ಹುಡುಕಿತು. ಎರಡನೆಯದು ಪ್ರತಿಯ ಓರೆಕೋರೆ ತಿದ್ದಿತು. ಮೂರನೆಯದು ಲುಂಡೆನ್ಸ್‌ನ ಬಣ್ಣವನ್ನು ರೆಂಬ್ರಾಂಟ್‌ನ ಬಣ್ಣದ ಕಡೆಗೆ ತಿರುಗಿಸಲು ಕಲಿಯಿತು. ಮೂಲ ಉಳಿದಿರುವ ಭಾಗದಲ್ಲಿ ಪ್ರಯತ್ನಿಸಿ, ನಿಜವಾದದ್ದಕ್ಕೆ ಹೋಲಿಸಿ, ಎಷ್ಟು ತಪ್ಪಾಯಿತು ಅಂತ ನೋಡಿ, ಮತ್ತೆ ಮತ್ತೆ ಅಭ್ಯಾಸ. ಕೊನೆಗೆ ಸಿಕ್ಕ ಅಂಚುಗಳನ್ನು ಮುದ್ರಿಸಿ, ಚಿತ್ರದ ಸುತ್ತ ಜೋಡಿಸಿ, ಮೂರು ತಿಂಗಳು ತೋರಿಸಿದರು. ಆಮೇಲೆ ತೆಗೆದರು.

ತೆಗೆದದ್ದು ಯಾಕೆ? ಪ್ರಯೋಗ ಸೋತಿತು ಅಂತಲ್ಲ. ಅದು ನಿಂತದ್ದೇ ಒಂದು ಊಹೆಯ ಮೇಲೆ, ಲುಂಡೆನ್ಸ್ ನಂಬಿಕಸ್ಥ ಎಂಬ ಊಹೆಯ ಮೇಲೆ. ಒಂದು ಊಹೆಯನ್ನು ಖಾಯಂ ಆಗಿ ಮೂಲದ ಪಕ್ಕದಲ್ಲಿ ನಿಲ್ಲಿಸಿದರೆ, ಇನ್ನು ಐವತ್ತು ವರ್ಷದಲ್ಲಿ ಗೆರೆ ಎಲ್ಲಿದೆ ಎಂಬುದೇ ಜನರಿಗೆ ಮರೆತುಹೋಗುತ್ತದೆ. ಆದರೂ ಆ ಮೂರು ತಿಂಗಳು ಬೆಲೆಬಾಳುವಂಥದ್ದು. ಎಡಕ್ಕೆ ಜಾಗ ಸಿಕ್ಕ ಕೂಡಲೇ ಇಡೀ ಪಡೆ ಮತ್ತೆ ನಡೆಯತೊಡಗಿತು.

ಹಾಗಾದರೆ ನಾಯಿ ಕದ್ದದ್ದೇ?

ಅಲ್ಲ. ಆದ್ರಿಯಾನ್ ವಾನ್ ದೆ ವೆನ್ನೆ ಎಂಬ ಕಲಾವಿದನ ರಚನೆಯೊಂದರಲ್ಲಿ, ತಲೆ ತಿರುಗಿಸಿದ ನಾಯಿ ಇದೆ. ಅದಕ್ಕೂ ರೆಂಬ್ರಾಂಟ್‌ನ ನಾಯಿಗೂ ಹೋಲಿಕೆ ಬಹಳ. ಕರಡು ಗೆರೆಗಳಲ್ಲಿ ಅದು ಇನ್ನೂ ಸ್ಪಷ್ಟ. ಆ ಕಾಲದ ಕಲಾವಿದರು ಮುದ್ರಿತ ಚಿತ್ರಗಳನ್ನು ಸಂಗ್ರಹಿಸಿಟ್ಟುಕೊಂಡು, ಬೇಕಾದಾಗ ಒಂದು ಭಂಗಿ ಎತ್ತಿಕೊಳ್ಳುವುದು ಮಾಮೂಲು. ರೆಂಬ್ರಾಂಟ್‌ನ ಸಂಗ್ರಹವಂತೂ ದೊಡ್ಡದಿತ್ತು. ಅವನು ಮಾಡಿದ ಬದಲಾವಣೆ ನೋಡಬೇಕು. ತಮಟೆಯ ಸದ್ದಿಗೆ ಬೆಚ್ಚಿ, ಮೈ ಕುಗ್ಗಿಸಿ, ಡ್ರಮ್ ಬಾರಿಸುವವನ ಕಡೆಗೆ ತಿರುಗಿ ನಿಂತ ನಾಯಿ ಅದು.

ಮತ್ತೆ ಮತ್ತೆ ಹೊಸ ಕಥೆ

ಪದರಗಳು ಕ್ಯಾನ್ವಾಸ್ ಮೇಲಷ್ಟೇ ಅಲ್ಲ, ಜನರ ಮಾತಿನಲ್ಲೂ ಕೂತಿವೆ. ಹಣ ಕೊಟ್ಟವರು ಚಿತ್ರ ನೋಡಿ ಸಿಟ್ಟಾದರು, ರೆಂಬ್ರಾಂಟ್ ಅಲ್ಲಿಂದಲೇ ಮುಳುಗಿದ ಎಂಬ ಕಥೆ ಬಹಳ ಜನಪ್ರಿಯ. ಅದಕ್ಕೆ ಆಧಾರ ಇಲ್ಲ. ಚಿತ್ರ ಸಂಘದ ಹಾಲ್‌ನಲ್ಲೇ ಇತ್ತು. ಕ್ಯಾಪ್ಟನ್ ತನ್ನ ಮನೆತನದ ಆಲ್ಬಮ್‌ಗೆ ಅದರ ಜಲವರ್ಣದ ಪ್ರತಿಯನ್ನೂ ಮಾಡಿಸಿಕೊಂಡ. ಪಡೆ ಹೊರಡಲಿ ಅಂತ ಕ್ಯಾಪ್ಟನ್ ಲೆಫ್ಟಿನೆಂಟ್‌ಗೆ ಆಜ್ಞೆ ಕೊಡುತ್ತಿದ್ದಾನೆ ಎಂಬ ವಿವರಣೆ ಉಳಿದುಬಂದಿರುವುದು ಆ ಆಲ್ಬಮ್‌ನಿಂದಲೇ. ಬೇಸರವಾದವನು ಹಾಗೆ ಮಾಡುತ್ತಾನಾ?

2006ರಲ್ಲಿ ಇಬ್ಬರು ರಷ್ಯನ್ ಶಿಲ್ಪಿಗಳು ಚಿತ್ರದ ಹಲವು ಜನರನ್ನು ಕಂಚಿನಲ್ಲಿ ಎರಕ ಹೊಯ್ದು ಆಮ್‌ಸ್ಟರ್‌ಡ್ಯಾಮ್‌ನ ರೆಂಬ್ರಾಂಟ್ ಚೌಕದಲ್ಲಿ ನಿಲ್ಲಿಸಿದರು. ಮರುವರ್ಷ ಬಂದ ಒಂದು ಸಿನಿಮಾ, ಈ ಚಿತ್ರ ಒಂದು ಕೊಲೆಯ ಆರೋಪಪತ್ರ ಅಂತ ಓದಿತು. ಇತಿಹಾಸವಾಗಿ ಅದು ನಿಲ್ಲುವುದಿಲ್ಲ. ಆದರೂ ಗುಂಪಿನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ, ಹಾರಿದ ಗುಂಡು ಯಾರದು ಅಂತ ಜನರನ್ನು ಮತ್ತೊಮ್ಮೆ ಹತ್ತಿರದಿಂದ ನೋಡುವಂತೆ ಮಾಡಿತು.

ಮುಂದೆ ಏನಾಗುತ್ತದೆ

ವಾರ್ನಿಷ್ ಪೂರ್ತಿ ಹೋದ ಮೇಲೆ ಚಿತ್ರ ಮೊದಲಿಗೆ ಪೇಲವವಾಗಿ ಕಾಣುತ್ತದೆ. ಗಾಬರಿ ಹುಟ್ಟಿಸುವ ಫೋಟೋಗಳು ಬಂದರೂ ಬರಬಹುದು. ಒಣ ಬಣ್ಣ ಬೆಳಕನ್ನು ಚೆದುರಿಸುವುದರಿಂದ ಕಪ್ಪೂ ಬೂದಿಯಾಗಿ ತೋರುತ್ತದೆ. ಹೊಸ ವಾರ್ನಿಷ್ ಹಚ್ಚಿದ ಕೂಡಲೇ ಆಳ ವಾಪಸ್ ಬರುತ್ತದೆ. ಕಪ್ಪು ಬಟ್ಟೆಯೊಳಗಿನ ಮಡಿಕೆಗಳು, ಹಿಂದಿನ ಸಾಲಿನ ಮುಖಗಳು ಇನ್ನಷ್ಟು ಸ್ಪಷ್ಟವಾಗುವ ಸಾಧ್ಯತೆ ಇದೆ. ಕತ್ತರಿಸಿದ ಅಂಚು ಬರುವುದಿಲ್ಲ, ಸ್ಮಾಲ್ಟ್‌ನ ನೀಲಿ ಬರುವುದಿಲ್ಲ, ನಾಯಿಯ ಮೈಯಿಂದ ಸವೆದುಹೋದ ಬಣ್ಣ ಬರುವುದಿಲ್ಲ.

ನಿಜವಾದ ಕಷ್ಟದ ತೀರ್ಮಾನಗಳು ವಾರ್ನಿಷ್ ಆದ ಮೇಲೆ ಬರುತ್ತವೆ. ಹಿನ್ನೆಲೆಯ ಕಮಾನಿನ ಬಳಿ ಒಂದು ಫಲಕವಿದೆ, ಅದರಲ್ಲಿ 18 ಹೆಸರುಗಳಿವೆ. ಅದನ್ನು ಬರೆದದ್ದು ರೆಂಬ್ರಾಂಟ್ ಅಲ್ಲ, ಚಿತ್ರ ಮುಗಿದ ಕೆಲವು ವರ್ಷಗಳ ಮೇಲೆ ಬೇರೆ ಯಾರೋ ಸೇರಿಸಿದ್ದು. ‘ರೆಂಬ್ರಾಂಟ್‌ನದಲ್ಲದ್ದು ಹೋಗಲಿ’ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಇದೂ ಹೋಗಬೇಕು. ಆದರೆ ಆ ಫಲಕ ಇಲ್ಲದಿದ್ದರೆ ಚಿತ್ರದಲ್ಲಿರುವ ಎಷ್ಟೋ ಜನರ ಹೆಸರು ನಮಗೆ ಸಿಗುತ್ತಿರಲಿಲ್ಲ. ಅದು ಉಳಿಯಲೇಬೇಕು.

1975ರ ಸೀಳುಗಳ ಮಾತು ಬೇರೆ. ಕ್ಯಾಪ್ಟನ್‌ನ ಕಪ್ಪು ಉಡುಪಿನಲ್ಲಿ, ಲೆಫ್ಟಿನೆಂಟ್‌ನ ಹಳದಿ ಕೋಟಿನಲ್ಲಿ ಆಗ ತುಂಬಿದ ಬಣ್ಣ ರೆಂಬ್ರಾಂಟ್‌ನ ಬಣ್ಣದ ಜೊತೆಗೆ ಹಳತಾಗಿಲ್ಲ. ಅದರದ್ದೇ ವೇಗದಲ್ಲಿ ಮಾಸಿದೆ. ಮಬ್ಬು ಪರದೆಯ ಹಿಂದೆ ಆ ವ್ಯತ್ಯಾಸ ಅಷ್ಟಾಗಿ ಕಾಣುತ್ತಿರಲಿಲ್ಲ. ಪರದೆ ಸರಿದ ಮೇಲೆ ಚಾಕುವಿನ ಹಾದಿ ಗೆರೆಗೆರೆಯಾಗಿ ಎದ್ದು ಕಾಣಬಹುದು. ಆ ತೇಪೆಗಳನ್ನು ಬಿಚ್ಚಿ, ಸುಲಭವಾಗಿ ಕರಗಿಸಿ ತೆಗೆಯಬಲ್ಲ ಬಣ್ಣದಿಂದ, ಸೀಳಿನ ಅಗಲಕ್ಕೆ ಸರಿಯಾಗಿ, ಪಕ್ಕದ ಮೂಲ ಬಣ್ಣದ ಮೇಲೆ ಒಂದು ಕೂದಲೆಳೆಯೂ ಹರಿಯದ ಹಾಗೆ ಮತ್ತೆ ತುಂಬಬೇಕಾಗುತ್ತದೆ.